ಮೂಲೆಯಲ್ಲಿ ಒಂದು ನೇರಳೆ ಕಲೆ

ಕಳೆದ ಭಾನುವಾರ ಅಟ್ಟದಿಂದ ಹಳೇ 17 ಇಂಚಿನ ಮಾನಿಟರ್ ಇಳಿಸಿದೆ. ಡಬ್ಬದಂಥ ಪಿಕ್ಚರ್ ಟ್ಯೂಬಿನದು. ಏಣಿ ಹಿಡಿದಿದ್ದ ಭಾವ, “ಅಲ್ಲಯ್ಯಾ, ಗುಜರಿಗೆ ಹಾಕೋದು ಬಿಟ್ಟು ಇದೇನು?” ಎಂದು ಗೊಣಗುತ್ತಲೇ ಇದ್ದರು. ನನಗೋ ಹಳೇ ಡಾಸ್ ಕಾಲದ ಕಂಪ್ಯೂಟರ್ ಆಟಗಳನ್ನು ಆ ಗಾಜಿನ ಮೇಲೇ ಆಡುವ ಆಸೆ.

ಚಿತ್ರವೇನೋ ಬಂತು. ಆದರೆ ಎಡಗಡೆಯ ಕೆಳಮೂಲೆ, ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ! “ಟ್ಯೂಬ್ ಹೋಯ್ತು” ಎಂದರು ಭಾವ.

ಹೋಗಿರಲಿಲ್ಲ. ಮಾನಿಟರಿಗೆ ಒತ್ತಿಕೊಂಡಂತೆ ನಾನೇ ಇಟ್ಟಿದ್ದ ಸ್ಪೀಕರಿನ ಅಯಸ್ಕಾಂತದ ಕೆಲಸ ಅದು. ಗಾಜಿನ ಹಿಂದೆಯೇ ಷ್ಯಾಡೋ ಮಾಸ್ಕ್ ಅಂತ ಲಕ್ಷಗಟ್ಟಲೆ ತೂತಿನ ತೆಳು ಲೋಹದ ಹಾಳೆ ಇರುತ್ತದೆ. ಅದಕ್ಕೆ ಕಾಂತಗುಣ ಹತ್ತಿದರೆ, ಆ ತೂತುಗಳ ಮೂಲಕ ಬಂದು ಗಾಜಿನ ಬಣ್ಣದ ಚುಕ್ಕೆಗಳನ್ನು ಬೆಳಗಿಸುವ ಎಲೆಕ್ಟ್ರಾನುಗಳು ದಾರಿ ತಪ್ಪುತ್ತವೆ. ಕೆಂಪು ಚುಕ್ಕೆಗೆ ಬೀಳಬೇಕಾದ್ದು ಪಕ್ಕದ ನೀಲಿಗೋ ಹಸಿರಿಗೋ ಬೀಳುತ್ತದೆ. ಸ್ಪೀಕರ್ ತೆಗೆದರೂ ಹಾಳೆಯಲ್ಲಿ ಉಳಿದದ್ದು ಹೋಗುವುದಿಲ್ಲ.

ಮಾನಿಟರಿನ ಮೆನುವಿನಲ್ಲಿ ಡಿಗಾಸ್, ಅಂದರೆ ಕಾಂತಗುಣ ಅಳಿಸುವ ಆಯ್ಕೆ, ಒತ್ತಿದೆ. ‘ಧುಂಯ್’ ಎಂದು ಚಿತ್ರ ನಡುಗಿತು, ಕಲೆ ಸ್ವಲ್ಪ ಮಾಸಿತು. ಆಸೆಗೆ ಮತ್ತೆ ಮತ್ತೆ ಒತ್ತಿದೆ. ಬರೀ ಟಿಕ್ ಎಂದಿತು. ಟ್ಯೂಬಿನ ಸುತ್ತಲಿನ ಕಾಯಿಲಿಗೆ, ಅಂದರೆ ತಂತಿಯ ಸುರುಳಿಗೆ, ಕರೆಂಟ್ ಬಿಡುವುದು ಪಾಸಿಸ್ಟರ್ ಎಂಬ ಪುಟ್ಟ ಬಿಡಿಭಾಗ. ತಣ್ಣಗಿದ್ದಾಗ ಧಾರಾಳವಾಗಿ ಬಿಡುತ್ತದೆ, ಬಿಸಿಯಾಗುತ್ತ ಕೈ ಬಿಗಿ ಹಿಡಿಯುತ್ತದೆ. ಹಾಗೆ ಕರೆಂಟ್ ಮೆಲ್ಲಗೆ ಇಳಿಯುವುದರಿಂದಲೇ ಕಾಂತಗುಣ ಅಳಿಯುವುದು. ಆ ಪಾಸಿಸ್ಟರ್ ಆರಲು ಅರ್ಧ ಗಂಟೆಯಾದರೂ ಬಿಡಬೇಕು. ನನಗೆಲ್ಲಿಯ ತಾಳ್ಮೆ!

ಪಕ್ಕದ ಬೀದಿಯ ಟಿವಿ ರಿಪೇರಿಯವರ ಹತ್ತಿರ ದೊಡ್ಡ ಬಳೆಯಂಥ ಡಿಗಾಸ್ ಕಾಯಿಲ್ ಇತ್ತು. ಇಸ್ಕೊಂಡು ಬಂದೆ. ಗುಂಡಿ ಒತ್ತಿ ಗಾಜಿನ ಮುಂದೆ ಸುತ್ತಿಸಿದೆ. ಬಣ್ಣಗಳು ಕಾಯಿಲಿನ ಜೊತೆಗೇ ಕುಣಿದವು. ಆ ಖುಷಿಯಲ್ಲಿ ಅಲ್ಲೇ ಗುಂಡಿ ಬಿಟ್ಟುಬಿಟ್ಟೆ. ಮುಗೀತು, ಮೂಲೆಯಲ್ಲಿದ್ದ ಕಲೆ ಈಗ ಪರದೆ ತುಂಬ! ಕರೆಂಟ್ ಒಮ್ಮೆಲೇ ನಿಂತರೆ ಆ ಗಳಿಗೆಯ ಕಾಂತಗುಣವೇ ಹಾಳೆಯಲ್ಲಿ ಕೂತುಬಿಡುತ್ತದೆ, ಅಲ್ವಾ? ಭಾವ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಎರಡನೇ ಸಲ ಸುತ್ತಿಸುತ್ತಲೇ ಒಂದೊಂದೇ ಹೆಜ್ಜೆ ಹಿಂದೆ ಸರಿದೆ. ಏಳು ಅಡಿ ದೂರದ ಹೊಸಿಲಿಗೆ ಹಿಮ್ಮಡಿ ತಾಗಿದಂತಾದಾಗ ಕಾಯಿಲನ್ನು ಅಡ್ಡ ತಿರುಗಿಸಿ ಗುಂಡಿ ಬಿಟ್ಟೆ. ಪರದೆ ಹಾಲಿನಂತೆ ಬೆಳ್ಳಗೆ. ಅಂದಹಾಗೆ, ಇದಕ್ಕೆಲ್ಲ ಹಿಂದಿನ ಮುಚ್ಚಳ ಬಿಚ್ಚಬೇಕಿಲ್ಲ, ಬಿಚ್ಚಲೂಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಸ್ಪೀಕರ್ ಈಗ ಮೇಜಿನ ಕೆಳಗೆ, ಮೂರಡಿ ದೂರದಲ್ಲಿದೆ. ಅದರ ವಯರಿಗೆ ನಿನ್ನೆಯಿಂದ ಭಾವ ಎರಡು ಸಲ ಎಡವಿದ್ದಾರೆ.