ಯಾವ ವೆಜ್ ತಗೊಳ್ಳಲಿ ಸಾರ್?

ನಾನು ಗಾಲ್ಫ್ ಹೇಳಿಕೊಡುವವನು ಅಂತ ಗೊತ್ತಾದ ತಕ್ಷಣ ಆಡುವವರೆಲ್ಲ ಕೇಳುವುದು ಒಂದೇ: ‘ಚಿಪ್ಪಿಂಗ್ ಕೈಕೊಡ್ತಿದೆ ಸಾರ್, ಯಾವ ವೆಜ್ ತಗೊಳ್ಳಲಿ?’ (ಚಿಪ್ಪಿಂಗ್ ಅಂದರೆ ಗ್ರೀನಿನ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ, ಹತ್ತಿರದಿಂದ ಹೊಡೆಯುವ ಗಿಡ್ಡ ಹೊಡೆತ. ವೆಜ್ ಅಂದರೆ ಮುಖ ಹೆಚ್ಚು ಓರೆಯಾಗಿರುವ ಕ್ಲಬ್ಬು, ಅಂದರೆ ಹೊಡೆಯುವ ಕೋಲು.) ಇಷ್ಟು ವರ್ಷ ನಗುನಗುತ್ತ ಉತ್ತರ ಹೇಳಿದ್ದೇನೆ. ಇನ್ನು ನಗುವುದಿಲ್ಲ. ಯಾವುದೂ ತಗೋಬೇಡಿ.

ಕೇಳುವ ಧಾಟಿ ನೋಡಿ. ‘ನನಗೆ ಚಿಪ್ ಮಾಡೋಕೆ ಬರಲ್ಲ’ ಅಂತ ಒಬ್ಬರೂ ಬಾಯಿಬಿಡುವುದಿಲ್ಲ. ಹೇಳದೆ ಕೇಳದೆ ರಜೆ ಹಾಕಿದ ಅಡುಗೆಯವನ ಹಾಗೆ ಚಿಪ್ಪಿಂಗೇ ಬಂದು ಇವರಿಗೆ ಕೈಕೊಟ್ಟಿರುತ್ತದೆ.

ಈಚೆಗೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈತೊಳೆಯುವ ಕಡೆ ಗಂಡಿನ ಮನೆಯ ಹಿರಿಯರೊಬ್ಬರು ಹಿಡಿದುಕೊಂಡರು. ಗೋಡೆಗೆ ಒರಗಿಸಿದ್ದ ಯಾರದೋ ಛತ್ರಿ ಎತ್ತಿಕೊಂಡು, ತಲೆಕೆಳಗು ಮಾಡಿ ಬೀಸಿಯೇ ಬಿಟ್ಟರು. ‘ಹೇಳಿ, ಇದರಲ್ಲಿ ತಪ್ಪೇನಿದೆ?’ ಮೈಭಾರವೆಲ್ಲ ಬಲಗಾಲಿಗೆ ಹೋಗಿತ್ತು, ಮಣಿಕಟ್ಟು ಮೇಲಕ್ಕೆ ಚಿಮ್ಮಿತ್ತು, ಹಿಂದೆ ನೀರಿನ ಜಗ್ ಹಿಡಿದು ನಿಂತ ಹುಡುಗ ಅದೃಷ್ಟಕ್ಕೆ ಪಾರಾಗಿದ್ದ. ಅಷ್ಟನ್ನೂ ಹೇಳಿದೆ, ಹುಡುಗನದ್ದೊಂದು ಬಿಟ್ಟು. ಪೂರಾ ಕೇಳಿಸಿಕೊಂಡು, ‘ಅದಿರ್ಲಿ, ಅರವತ್ತು ಡಿಗ್ರೀ ವೆಜ್ ತಗೊಂಡ್ರೆ ಹೇಗೆ?’ ಅಂದರು.

ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಚೆಂಡನ್ನು ಮೇಲೆತ್ತುವುದು ನಿಮ್ಮ ಕೆಲಸವಲ್ಲ, ಕ್ಲಬ್ಬಿನ ಲಾಫ್ಟ್, ಅಂದರೆ ಮುಖದ ಓರೆ, ಇರುವುದೇ ಅದಕ್ಕೆ. ನೀವು ಎತ್ತಲು ಹೋದಿರೋ, ಭಾರ ಹಿಂದಕ್ಕೆ ವಾಲುತ್ತದೆ. ಅದರ ಜೊತೆ ಕ್ಲಬ್ಬು ನೆಲ ಮುಟ್ಟುವ ಜಾಗವೂ ಚೆಂಡಿನ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಮೊದಲು ನೆಲಕ್ಕೆ ಬಡಿದು ಚೆಂಡು ಎರಡಡಿ ಉರುಳಬೇಕು, ಇಲ್ಲವೇ ಮೇಲೇಳುತ್ತಿರುವ ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ತಾಗಿ ಗ್ರೀನ್ ದಾಟಿ ಆಚೆ ಬಂಕರಿಗೆ, ಅಂದರೆ ಮರಳಿನ ಗುಂಡಿಗೆ, ಹೋಗಬೇಕು. ಮೊದಲನೆಯದಕ್ಕೆ ಫ್ಯಾಟ್ ಅಂತಾರೆ, ಎರಡನೆಯದಕ್ಕೆ ಥಿನ್. ಕಾಯಿಲೆ ಒಂದೇ.

ಪಾದಗಳು ಹತ್ತಿರ ಇರಲಿ. ಭಾರ ಅರ್ಧಕ್ಕಿಂತ ಜಾಸ್ತಿ ಎಡಗಾಲಿನ ಮೇಲೆ, ಕೊನೆಯ ತನಕ ಅಲ್ಲೇ. (ಎಡಗೈ ಆಟಗಾರರು ತಿರುಗಿಸಿ ಓದಿಕೊಳ್ಳಿ.) ಚೆಂಡು ನಡುವೆ ಅಥವಾ ಸ್ವಲ್ಪ ಹಿಂದೆ, ಕೈಗಳು ಚೆಂಡಿಗಿಂತ ಸ್ವಲ್ಪ ಮುಂದೆ. ಗ್ರೀನಿನ ಮೇಲೆ ಚೆಂಡು ಉರುಳಿಸಿ ಪಟ್ ಮಾಡುವಾಗಿನಂತೆ ಭುಜ ತೂಗಿದರೆ ಸಾಕು, ಮಣಿಕಟ್ಟಿಗೆ ಇಲ್ಲಿ ಕೆಲಸವಿಲ್ಲ.

ಇನ್ನು ಆ ಅರವತ್ತು ಡಿಗ್ರಿ ಲಾಫ್ಟಿನ ವೆಜ್. ವೆಜ್‌ನ ತಳದಲ್ಲಿರುವ ಉಬ್ಬಿಗೆ ಬೌನ್ಸ್ ಅನ್ನುತ್ತಾರೆ. ಮರಳಿನಲ್ಲಿ, ಮೆತ್ತನೆಯ ನೆಲದಲ್ಲಿ ಕ್ಲಬ್ಬು ಹೂತುಹೋಗದಂತೆ ಅದು ಕಾಯುತ್ತದೆ. 1930ರ ದಶಕದಲ್ಲಿ ಅಮೆರಿಕದ ಆಟಗಾರ ಜೀನ್ ಸರಾಝೆನ್ ವೆಜ್‌ನ ತಳ ದಪ್ಪ ಮಾಡಿಕೊಂಡಿದ್ದೂ ಬಂಕರಿಗಾಗಿಯೇ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ, ಬರ್ಮುಡಾ ಹುಲ್ಲು ತೆಳುವಾಗಿ ನೆಲ ಕಲ್ಲಾಗಿರುವಾಗ, ಆ ವೆಜ್‌ನ ಮುಖ ಇನ್ನಷ್ಟು ಮೇಲಕ್ಕೆ ತೆರೆದು ಹೊಡೆದು ನೋಡಿ. ಉಬ್ಬು ನೆಲಕ್ಕೆ ತಾಗಿ ಪುಟಿದು ಮತ್ತೆ ಥಿನ್. ಟೀವಿಯಲ್ಲಿ ನೋಡಿದ್ದನ್ನು ಆಡಲು ಟೀವಿಯಲ್ಲಿರುವಂಥ ಹುಲ್ಲೂ ಬೇಕು. ಹುಲ್ಲು ಕುಳ್ಳಗಿದ್ದು ನಡುವೆ ಅಡ್ಡಿಯಿಲ್ಲದಿದ್ದರೆ ಗ್ರೀನಿನ ಹೊರಗಿನಿಂದಲೇ ಪಟ್ಟರ್ ಬಳಸಿ. ಅದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ.

ಸ್ಪೇನಿನ ಸೆವೆ ಬ್ಯಾಯೆಸ್ಟೆರೋಸ್ ಹುಡುಗನಾಗಿದ್ದಾಗ ಪೆದ್ರೆನ್ಯಾದ ಕಡಲ ದಂಡೆಯಲ್ಲಿ ಕಡಿಮೆ ಲಾಫ್ಟಿನ, ದೂರ ಹೊಡೆಯುವ 3 ಐರನ್ ಕ್ಲಬ್ಬೊಂದನ್ನೇ ಹಿಡಿದು ಆಟ ಕಲಿತವರು. ಮುಂದೆ ಐದು ಮೇಜರ್, ಅಂದರೆ ಗಾಲ್ಫಿನ ಅತಿ ದೊಡ್ಡ ಟೂರ್ನಿಗಳನ್ನು, ಗೆದ್ದರು. ಇದನ್ನೂ ಆ ಹಿರಿಯರಿಗೆ ಹೇಳಿದೆ. ‘3 ಐರನ್ ಈಗ ಸಿಗುತ್ತಾ?’ ಅಂದರು.

ಯಾರಾದರೂ ಒಮ್ಮೆ ‘ಚೆಂಡು ಮೊದಲು ಎಲ್ಲಿ ಬೀಳಬೇಕು ಸಾರ್?’ ಅಂತ ಕೇಳಿದರೆ ಅವರಿಗೆ ಕಾಫಿ ಕೊಡಿಸುತ್ತೇನೆ. ಎಲ್ಲರ ಕಣ್ಣೂ ಪಿನ್ ಮೇಲೆ, ಅಂದರೆ ಕುಳಿಯಲ್ಲಿ ನಿಲ್ಲಿಸಿದ ಬಾವುಟದ ಕೋಲಿನ ಮೇಲೆ. ಚಿಪ್ ಅಂದರೆ ಸ್ವಲ್ಪ ಹಾರಿ ಹೆಚ್ಚು ಉರುಳುವ ಹೊಡೆತ, ಹಾಗಾಗಿ ಪಿನ್ ಆಮೇಲಿನ ಮಾತು. ಗ್ರೀನಿನ ಅಂಚು ದಾಟಿ ಒಂದು ಹೆಜ್ಜೆ ಒಳಗೆ ಸಮತಟ್ಟಾದ ಜಾಗ ಗೊತ್ತುಮಾಡಿ. ಚೆಂಡಿನಿಂದ ಅಲ್ಲಿಗೆ, ಅಲ್ಲಿಂದ ಪಿನ್‌ಗೆ ಹೆಜ್ಜೆ ಎಣಿಸಿ. ಹೆಚ್ಚು ಏರಿಳಿತವಿಲ್ಲದ, ಸಾಧಾರಣ ವೇಗದ ಗ್ರೀನಿನಲ್ಲಿ ಲಾಫ್ಟ್ ಹೆಚ್ಚಿರುವ ಸ್ಯಾಂಡ್ ವೆಜ್‌ನಿಂದ ಹೊಡೆದ ಚೆಂಡು ಹೆಚ್ಚುಕಡಿಮೆ ಹಾರಿದಷ್ಟೇ ಉರುಳುತ್ತದೆ, ಅದಕ್ಕಿಂತ ಕಡಿಮೆ ಲಾಫ್ಟಿನ ಪಿಚಿಂಗ್ ವೆಜ್‌ನಿಂದ ಎರಡರಷ್ಟು, ಇನ್ನೂ ಕಡಿಮೆಯ 8 ಐರನ್‌ನಿಂದ ನಾಲ್ಕರಷ್ಟು. ಬೀಳುವ ಜಾಗಕ್ಕೆ 3 ಹೆಜ್ಜೆ, ಅಲ್ಲಿಂದ ಪಿನ್‌ಗೆ 6 ಇದ್ದರೆ ಪಿಚಿಂಗ್ ವೆಜ್. 12 ಇದ್ದರೆ 8 ಐರನ್. ಏರು ಇದ್ದರೆ ಕಡಿಮೆ ಲಾಫ್ಟ್, ಇಳಿಜಾರಾದರೆ ಹೆಚ್ಚು. ಯಾವ ಕ್ಲಬ್ ಅನ್ನುವುದನ್ನು ನನ್ನನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಬೀಳುವ ಜಾಗದಲ್ಲಿ ಒಂದು ಟವೆಲ್ ಹಾಸಿ, ಚೆಂಡನ್ನು ಅದರ ಮೇಲೆ ಬೀಳಿಸುವುದನ್ನಷ್ಟೇ ಅಭ್ಯಾಸ ಮಾಡಿ. ಚೆಂಡು ಕುಳಿಗೆ ಹೋಯಿತೋ ಬಿಟ್ಟಿತೋ ನೋಡಬೇಡಿ.

ಪಿಚ್ ಹೆಚ್ಚು ಹಾರಿ ಕಡಿಮೆ ಉರುಳುವುದು. 40 ಗಜ ದೂರ, ನಡುವೆ ಬಂಕರ್. ಇಲ್ಲಿ ಮಾತ್ರ ವೆಜ್ ಬೇಕೇ ಬೇಕು. ಎಲ್ಲರೂ ಕ್ಲಬ್ಬನ್ನು ಬಹಳ ಹಿಂದಕ್ಕೆ ಒಯ್ದು, ಚೆಂಡಿನ ಹತ್ತಿರ ಬರುವಾಗ ಹೆದರಿ ನಿಧಾನಿಸುತ್ತಾರೆ. ಹಿಂದಕ್ಕೆ ಕಡಿಮೆ ಒಯ್ಯಿರಿ, ಎದೆ ಗುರಿಯ ಕಡೆ ತಿರುಗುವವರೆಗೂ ನಿಲ್ಲಿಸಬೇಡಿ. ಹಿಂದೆ ನಾಸಾದಲ್ಲಿ ವಿಜ್ಞಾನಿಯಾಗಿದ್ದ ಡೇವ್ ಪೆಲ್ಜ್ ಇದಕ್ಕೊಂದು ಗಡಿಯಾರದ ಲೆಕ್ಕ ಹೇಳಿಕೊಟ್ಟರು: ಎಡಗೈಯನ್ನು 7:30, 9, 10:30ರ ಮುಳ್ಳಿನಷ್ಟು ಒಯ್ದಾಗ ಒಂದೊಂದು ವೆಜ್ ಎಷ್ಟು ಗಜ ಹೋಗುತ್ತದೆ ಅಂತ ಅಳೆದು ಬರೆದಿಟ್ಟುಕೊಳ್ಳುವುದು. ಬೇಜಾರಿನ ಕೆಲಸ. ಅಳೆಯುವುದಕ್ಕಿಂತ ಕೊಳ್ಳುವುದು ಸುಲಭ.

2021ರಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದ ಮೇಲೆ ಮಕ್ಕಳನ್ನು ಕರೆತಂದ ಅಪ್ಪಂದಿರು ಕೇಳಿದ್ದು, ‘ನನ್ನ ಮಗಳು ಎಷ್ಟು ಗಜ ಹೊಡೀಬಹುದು?’ ದೂರಕ್ಕೆ ಹೊಡೆಯುವವರ ಸಾಲಿನಲ್ಲಿ ಅದಿತಿ ಇರಲೇ ಇಲ್ಲ. ಅಷ್ಟು ದೂರ ಹೊಡೆಯುವವರ ನಡುವೆ ಕೊನೆಯ ದಿನದವರೆಗೂ ಪದಕದ ಸಾಲಿನಲ್ಲಿ ನಿಂತದ್ದು ಗ್ರೀನಿನ ಹತ್ತಿರದ ಆಟದಿಂದ, ಪಟ್ಟರ್‌ನಿಂದ. ಆ ಅಪ್ಪಂದಿರೂ ಅದನ್ನೇ ನೋಡಿದ್ದರು, ಗಜ ಎಣಿಸುತ್ತ.

ಛತ್ರಿಯ ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಅರವತ್ತು ಡಿಗ್ರೀದು ತಗೊಂಡೇ ಬಿಟ್ಟರಂತೆ. ವಾಪಸ್ ತಗೋತಾರಾ ಅನ್ನುವುದು ಅವರ ಈಗಿನ ಪ್ರಶ್ನೆ. ಅದನ್ನು ಅಂಗಡಿಯವರನ್ನು ಕೇಳಿ ಅಂದೆ.