ಸಕ್ಕರೆ ಜಾಸ್ತಿ ತಿಂದ ನೊಣ ಬೇಗ ಸಾಯುವುದು ಯಾಕೆ?

ನನ್ನ ಕೆಲಸ ಹಣ್ಣಿನ ನೊಣಗಳ ಜೊತೆ. ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುತ್ತವಲ್ಲ, ಅವೇ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಎರಡು, ಎರಡೂವರೆ ತಿಂಗಳು ಬದುಕುತ್ತವೆ. ಕೆಟ್ಟ ಊಟ ಆಯಸ್ಸಿಗೆ ಏನು ಮಾಡುತ್ತದೆ ಎಂದು ಒಂದೇ ಸೆಮಿಸ್ಟರಿನಲ್ಲಿ ನೋಡಬಹುದು. ಇಲಿಗಳಲ್ಲಾದರೆ ಎರಡು ಮೂರು ವರ್ಷ ಕಾಯಬೇಕು.

ಮೈಸೂರಿನ ಕಡೆ ನೊಣಗಳಿಗೆ ರವೆ, ಬೆಲ್ಲದ ಊಟ. ಒಂದು ಲೀಟರ್ ನೀರಿಗೆ ತಲಾ 100 ಗ್ರಾಂ, ಜೊತೆಗೆ ಅದು ಗಟ್ಟಿಯಾಗಲೆಂದು 10 ಗ್ರಾಂ ಅಗರ್ ಪುಡಿ. ಕೇಸರಿಬಾತಿನ ಹಾಗೆ ತಳ ಹಿಡಿಯದಂತೆ ಕೈಯಾಡಿಸುತ್ತಲೇ ಇರಬೇಕು. ಇಳಿಸಿದ ಮೇಲೆ ಬೂಷ್ಟು ಬರದಿರಲಿ ಅಂತ ಪ್ರೊಪಿಯಾನಿಕ್ ಆಸಿಡ್ ಹಾಕುತ್ತೇವೆ. ಅದರ ಘಾಟು ನೇರ ಮೂಗಿಗೆ ಹೊಡೆಯುತ್ತದೆ. ಸಕ್ಕರೆಯ ಪ್ರಯೋಗಕ್ಕೆ ಮಾತ್ರ ಬೆಲ್ಲ ಆಗಿಬರುವುದಿಲ್ಲ. ಒಂದೊಂದು ಅಚ್ಚು ಒಂದೊಂದು ಥರ ಇರುತ್ತದೆ. ಹಾಗಾಗಿ ಸುಕ್ರೋಸ್, ಅಂದರೆ ಶುದ್ಧ ಸಕ್ಕರೆ, ತೂಗಿ ಹಾಕುತ್ತೇವೆ: ಒಂದು ಗುಂಪಿಗೆ ಶೇ. 5, ಇನ್ನೊಂದಕ್ಕೆ ಶೇ. 20.

ಎರಡು ಮೂರು ದಿನಕ್ಕೊಮ್ಮೆ ನೊಣಗಳನ್ನು ಊಟವಿರುವ ಹೊಸ ವಯಲ್‌ಗೆ (ಸಣ್ಣ ಸೀಸೆಗೆ) ದಾಟಿಸಿ, ಸತ್ತವನ್ನು ಎಣಿಸುತ್ತೇವೆ. ವಯಲ್ ಅನ್ನು ಮೇಜಿಗೆ ಮೆಲ್ಲಗೆ ತಟ್ಟಿದರೆ ಎಳೆಯ ನೊಣಗಳು ಸರಸರ ಮೇಲೆ ಹತ್ತುತ್ತವೆ. ಮುದಿ ನೊಣಗಳು ಅರ್ಧಕ್ಕೇ ನಿಂತುಬಿಡುತ್ತವೆ.

ಸಕ್ಕರೆ ಜಾಸ್ತಿ ತಿಂದ ಗುಂಪು ದಪ್ಪಗಾಗುತ್ತದೆ. ಇನ್ಸುಲಿನ್ನಿಗೆ ಅದರ ಮೈ ಸರಿಯಾಗಿ ಸ್ಪಂದಿಸುವುದಿಲ್ಲ. ಬೇಗ ಸಾಯುತ್ತದೆ. ಬೊಜ್ಜು ಬಂತು, ಮಧುಮೇಹ ಬಂತು, ಸತ್ತಿತು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? 2020ರಲ್ಲಿ ಲಂಡನ್ನಿನ ವಿಜ್ಞಾನಿ ಹೆಲೆನಾ ಕೊಶೆಮೆ ಅವರ ತಂಡ ಈ ಲೆಕ್ಕವನ್ನೇ ಅಲುಗಾಡಿಸಿತು. ಅದೇ ಸಕ್ಕರೆ ಊಟದ ಜೊತೆ ಅವರು ನೊಣಗಳಿಗೆ ಬೇರೆಯಾಗಿ ನೀರು ಕೊಟ್ಟರು. ಬೊಜ್ಜು ಹಾಗೇ ಇತ್ತು, ಇನ್ಸುಲಿನ್ ತೊಂದರೆಯೂ ಹಾಗೇ ಇತ್ತು. ಆದರೆ ನೊಣಗಳು ಬೇಗ ಸಾಯಲಿಲ್ಲ!

ವಯಲ್‌ನಲ್ಲಿರುವ ನೊಣಕ್ಕೆ ಊಟವೂ ನೀರೂ ಒಂದೇ ಕಡೆಯಿಂದ ಸಿಗಬೇಕು. ಸಕ್ಕರೆ ಏರಿಸಿದರೆ ಅದರ ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ನಮ್ಮ ಮೂತ್ರಪಿಂಡದ ಕೆಲಸ ಮಾಡುವ ಸಣ್ಣ ಕೊಳವೆಗಳು ಅದಕ್ಕೂ ಇವೆ. ಅವುಗಳಲ್ಲಿ ಯೂರಿಕ್ ಆಸಿಡ್ ಸೇರಿ ಕಲ್ಲು ಕಟ್ಟುತ್ತದೆ.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಊಟದಲ್ಲಿ ಒಂದನ್ನು ಬದಲಿಸಿದರೆ ಅದರ ಜೊತೆ ಇನ್ನೇನೋ ಬದಲಾಗಿರುತ್ತದೆ. ಇಲಿಗಳಿಗೆ ಕ್ಯಾಲೊರಿಯಲ್ಲಿ ಶೇ. 60ರಷ್ಟು ಕೊಬ್ಬಿನಿಂದಲೇ ಬರುವ ಊಟ ಕೊಟ್ಟು, ಮಾಮೂಲಿ ಕಾಳಿನ ಆಹಾರ ತಿಂದ ಇಲಿಗಳ ಜೊತೆ ಹೋಲಿಸುವವರಿದ್ದಾರೆ. ಅಲ್ಲಿ ನಾರಿನಂಶವೂ ಬೇರೆ, ಪ್ರೋಟೀನ್ ಎಲ್ಲಿಂದ ಬಂತು ಎನ್ನುವುದೂ ಬೇರೆ. ತಪ್ಪನ್ನೆಲ್ಲ ಕೊಬ್ಬಿನ ತಲೆಗೇ ಕಟ್ಟುವುದು ನ್ಯಾಯವಲ್ಲ. ಕೊಬ್ಬು ಕಡಿಮೆಯಿದ್ದು ಉಳಿದೆಲ್ಲ ಆದಷ್ಟು ಹೊಂದುವ ಊಟ ಸಿಗುತ್ತದೆ. ದುಬಾರಿ, ನಿಜ. ಆದರೂ ಅದನ್ನೇ ತರಿಸಿ ಅಂತ ನಾನು ಹಟ ಹಿಡಿಯುತ್ತೇನೆ.

ನೊಣಗಳಿಗೆ ಈಗ ನಾಲ್ಕು ಗುಂಪು ಇಡುತ್ತೇವೆ. ಎರಡು ಮಟ್ಟದ ಸಕ್ಕರೆ, ಪ್ರತಿಯೊಂದಕ್ಕೂ ನೀರು ಇದ್ದದ್ದೊಂದು, ಇಲ್ಲದ್ದೊಂದು. ಕೆಲಸ ದುಪ್ಪಟ್ಟು. ಹೊಸದಾಗಿ ಬಂದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಹಾಗಾದ್ರೆ ನೀರು ಕುಡಿದುಬಿಟ್ರೆ ಸಕ್ಕರೆ ಎಷ್ಟು ತಿಂದರೂ ಪರವಾಗಿಲ್ವಾ ಮೇಡಂ?"

ಇಲ್ಲಮ್ಮ, ಅಂದೆ. ನೀರು ಕುಡಿದ ನೊಣಕ್ಕೂ ಬೊಜ್ಜು ಬಂದೇ ಬಂತು. ಮನುಷ್ಯರಲ್ಲೂ ಸಕ್ಕರೆ ಜಾಸ್ತಿ ತಿನ್ನುವವರ ಮೂತ್ರಪಿಂಡ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಎಂಬ ನಂಟು ಲಂಡನ್ನಿನ ಅದೇ ಅಧ್ಯಯನದಲ್ಲಿ ಕಂಡಿದೆ. ಅದಕ್ಕೇ ಈ ಸಲ ಸತ್ತ ನೊಣಗಳನ್ನು ಎಣಿಸುವುದರ ಜೊತೆಗೆ, ಬದುಕಿರುವ ಕೆಲವನ್ನು ಆಗಾಗ ತೆಗೆದು ಆ ಕೊಳವೆಗಳನ್ನೂ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೇವೆ.