ಭಾವನ ಕಿವಿ ಮತ್ತು ಒಮಾನಿನ ಗುಡ್ಡಗಳು

ಮಸ್ಕತ್ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಭಾವ ಕೈ ಚಾಚಿ ರೇಡಿಯೊ ಆರಿಸಿದರು.

"ಇದೇನು ಸದ್ದು ಮಾರಾಯ?"

ನನಗೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಮೂರು ವರ್ಷದಿಂದ ಅದೇ ಗಾಡಿಯಲ್ಲಿ ಓಡಾಡುವವನ ಕಿವಿಗೆ ಅದರ ಸದ್ದೆಲ್ಲ ಮೌನವೇ ಆಗಿಬಿಟ್ಟಿರುತ್ತದೆ. ಭಾವನ ಕಿವಿ ಬೇರೆ. ಮೂಡಿಗೆರೆಯ ಹತ್ತಿರ ಅವರದು ಕಾಫಿ ತೋಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೇರಿಂಗ್ ಕೆಡುವ ಎರಡು ದಿನ ಮೊದಲೇ ಅಂಗಳದಲ್ಲಿ ಕುಳಿತು ಹೇಳಬಲ್ಲವರು. 2018ರ ಫೆಬ್ರವರಿಯಲ್ಲಿ ಅರೇಬಿಕಾ ಕೊಯ್ಲು ಮುಗಿಸಿ ಅಕ್ಕನೊಂದಿಗೆ ನಮ್ಮಲ್ಲಿಗೆ ಬಂದಿದ್ದರು. ಗುಡ್ಡ ನೋಡುವುದಕ್ಕೆ ಮೂಡಿಗೆರೆಯಿಂದ ಒಮಾನಿಗೆ ಬರಬೇಕಾಗಿರಲಿಲ್ಲ ಎಂದು ಅಕ್ಕ ಮನೆಯಲ್ಲೇ ಉಳಿದಳು. ನಾವಿಬ್ಬರೇ ಶುಕ್ರವಾರ ನಸುಕಿನಲ್ಲಿ ಹೊರಟಿದ್ದೆವು.

ಕಿವಿಗೊಟ್ಟು ಕೇಳಿದೆ. ತೊಂಬತ್ತರ ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ನಮ್ಮ ಕಾಲ ಕೆಳಗಿನಿಂದ ಸಣ್ಣ ಗುಂಯ್‌ಗುಡುವಿಕೆ ಏಳುತ್ತಿತ್ತು, ದೂರದ ಜೇನುಗೂಡಿನಂತೆ. ಕಾಲು ಒತ್ತಿದರೆ ಸ್ವರ ಬದಲಾಗುತ್ತಿತ್ತು.

"ಫೋರ್ ವೀಲ್ ಹಾಕಿಕೊಂಡೇ ಬಂದಿದ್ದೀಯಲ್ಲ, ತೆಗೆ" ಎಂದರು ಭಾವ.

"ತೆಗೆಯುವುದಕ್ಕೆ ಬರುವುದಿಲ್ಲ ಭಾವ. ಇದರಲ್ಲಿ ಯಾವಾಗಲೂ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತಿರುತ್ತದೆ."

ಅವರು ನನ್ನನ್ನು ನೋಡಿದ ರೀತಿಯಲ್ಲಿ, ಯಾರೋ ನಿನಗೆ ಟೋಪಿ ಹಾಕಿದ್ದಾರೆ ಎಂಬ ಮರುಕ ಇತ್ತು.

ಅವರ ಅನುಮಾನ ನ್ಯಾಯವಾದದ್ದೇ. ಮಲೆನಾಡಿನ ಜೀಪುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳದ್ದೇ ದುಡಿಮೆ. ಕೆಸರು ಬಂದಾಗ ಲಿವರ್ ಎಳೆದರೆ ಮುಂದಿನವೂ ಜೊತೆಗೂಡುತ್ತವೆ. ಹಾಗೆ ಕೂಡಿದಾಗ, ಚಕ್ರಗಳಿಗೆ ಶಕ್ತಿ ಒಯ್ಯುವ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೊಡೆಯುತ್ತವೆ. ಕೆಸರಿನಲ್ಲಾದರೆ ಚಕ್ರ ತುಸು ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಎಡೆಯಿಲ್ಲ. ಆಗ ಆ ವ್ಯತ್ಯಾಸವೆಲ್ಲ ಶಾಫ್ಟಿನಲ್ಲಿ ಗಡಿಯಾರದ ಕೀಲಿಯಂತೆ ಸುತ್ತಿಕೊಳ್ಳುತ್ತದೆ. ಸ್ಟಿಯರಿಂಗ್ ಕಲ್ಲಾಗುತ್ತದೆ, ಟೈರು ಕಿರುಗುಟ್ಟುತ್ತದೆ. ತೋಟದಿಂದ ಲಿವರ್ ಇಳಿಸದೆ ಮೂಡಿಗೆರೆ ಪೇಟೆಗೆ ಬಂದು, ಬಸ್ ನಿಲ್ದಾಣದ ಎದುರು ಜೀಪು ಮುಗ್ಗರಿಸಿದ ಕಥೆಯನ್ನು ಭಾವನೇ ಹತ್ತು ಸಲ ಹೇಳಿದ್ದಾರೆ.

ನನ್ನ ಗಾಡಿಯಲ್ಲಿ ಮುಂದಿನ ಆಕ್ಸಲ್‌ಗೊಂದು, ಹಿಂದಿನದಕ್ಕೊಂದು ಡಿಫರೆನ್ಷಿಯಲ್, ಅಂದರೆ ಎರಡು ಕಡೆಗೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ, ಇರುವುದರ ಜೊತೆಗೆ ನಡುವೆ ಮೂರನೆಯದಿದೆ. ಮುಂದಿನ ಶಾಫ್ಟು ಹೆಚ್ಚು ತಿರುಗಬೇಕೆಂದರೆ ಅದು ಬಿಟ್ಟುಕೊಡುತ್ತದೆ. 1970ರಲ್ಲಿ ಬಂದ ಮೊದಲ ರೇಂಜ್ ರೋವರ್‌ನಲ್ಲೂ ಇದೇ ಏರ್ಪಾಡು ಇತ್ತು. ಇದರ ಬೆಲೆ ಎಂದರೆ ಸದ್ದು ಮತ್ತು ಡೀಸೆಲ್. ಅಷ್ಟು ಹಲ್ಲುಚಕ್ರಗಳು ಹಗಲು ರಾತ್ರಿ ಹೊರೆ ಹೊತ್ತು ತಿರುಗುತ್ತಿದ್ದರೆ ಹಾಡದೆ ಇರುತ್ತವೆಯೇ?

"ಹಾಡಲಿ. ಆದರೆ ನಿಂತು ಹೊರಡುವಾಗಲೆಲ್ಲ ಬರುವ ಆ ಟೊಕ್ ಯಾವುದು?" ಎಂದರು ಭಾವ.

ಅಷ್ಟರಲ್ಲಿ ಟಿಣ್ ಟಿಣ್ ಎಂದಿತು. ವಾದದ ಭರದಲ್ಲಿ 120 ದಾಟಿದ್ದೆ. ಕೊಲ್ಲಿಯ ಗಾಡಿಗಳು ಅಲ್ಲಿಂದಾಚೆಗೆ ಗಂಟೆ ಬಾರಿಸುತ್ತವೆ. "ಇದು ನಿನ್ನ ಅಕ್ಕನ ಸದ್ದು, ಇದು ಗೊತ್ತಾಯಿತು" ಎಂದು ಭಾವ ಸೀಟಿಗೊರಗಿದರು.

ನಿಜ್ವಾದ ಶುಕ್ರವಾರದ ಮೇಕೆ ಸಂತೆಯಲ್ಲಿ ಕೊಳ್ಳುವವರು ಸುತ್ತ ನಿಂತಿರುತ್ತಾರೆ, ಮಾರುವವರು ಮೇಕೆಯನ್ನು ಹಗ್ಗ ಹಿಡಿದು ಸುತ್ತು ಹೊಡೆಸುತ್ತ ಬೆಲೆ ಕೂಗುತ್ತಾರೆ. ಒಂದು ಗಂಟೆ ನೋಡಿದೆವು. ಮಲಯಾಳಿಗಳ ಕಾಫಿ ಶಾಪಿನಲ್ಲಿ ಪರೋಟ, ಕರಕ್ ಚಹಾ. ಅಲ್ಲಿಂದ ಬಂದ ದಾರಿಯಲ್ಲೇ ತುಸು ಹಿಂದಿರುಗಿ ಬಿರ್ಕತ್ ಅಲ್ ಮೌಜ್. ಯುನೆಸ್ಕೊ 2006ರಲ್ಲಿ ಪಟ್ಟಿಗೆ ಸೇರಿಸಿದ ಐದು ಫಲಜ್‌ಗಳಲ್ಲಿ ಒಂದು, ಫಲಜ್ ಅಲ್ ಖತ್ಮೀನ್, ಇಲ್ಲಿದೆ. ಖರ್ಜೂರದ ತೋಟಗಳಿಗೆ ಪಾಲಿನಂತೆ ನೀರು ಹರಿಸುವ ಕಾಲುವೆ ಅದು. ನೀರಿನ ಪಾಲು ಎಂದ ಕೂಡಲೇ ಭಾವನಿಗೆ ಪಕ್ಕದ ತೋಟದವರ ಜೊತೆಗಿನ ಹಳೆಯ ತಕರಾರು ನೆನಪಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಊರು ದಾಟಿದರೆ ಜಬಲ್ ಅಖ್ದರ್ ಬೆಟ್ಟ ಏರುವ ರಸ್ತೆಗೆ ಪೊಲೀಸ್ ತಪಾಸಣೆ. ನಾಲ್ಕು ಚಕ್ರದ ಚಾಲನೆಯಿಲ್ಲದ ಗಾಡಿಯನ್ನು ಮೇಲೆ ಬಿಡುವುದಿಲ್ಲ. ಪೊಲೀಸರು ನನ್ನ ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ ಕಾರ್ಡು, ನೋಡಿ, ಒಮ್ಮೆ ಗಾಡಿಯೊಳಗೆ ಬಗ್ಗಿ ನೋಡಿ ಕೈ ಬೀಸಿದರು. ಮುಂದೆ ನೋಡಿದರೆ ಇಡೀ ದಾರಿ ನುಣುಪಾದ ಡಾಂಬರು. ಇದಕ್ಕೇಕೆ ಇಷ್ಟು ಕಟ್ಟುನಿಟ್ಟು ಎಂದು ಭಾವ ನಕ್ಕರು. ಕಾರಣ ಏರಿನಲ್ಲಿ ಇಲ್ಲ, ಇಳಿಜಾರಿನಲ್ಲಿದೆ. ಬ್ರೇಕ್ ಕಾದು ಸೋತ ಗಾಡಿಗಳು ನುಗ್ಗಿ ನಿಲ್ಲಲೆಂದು ರಸ್ತೆಯ ಪಕ್ಕದಲ್ಲಿ ಜಲ್ಲಿ ಸುರಿದ ಏರುದಾರಿಗಳನ್ನು ಮಾಡಿದ್ದಾರೆ. ಮೊದಲನೆಯದು ಕಂಡಾಗ ಅವರ ನಗು ನಿಂತಿತು.

ಆ ತಿರುವುಗಳಲ್ಲಿ ಗಾಡಿಯನ್ನು ಭಾವನ ಕೈಗೆ ಕೊಡುವ ಆಸೆಯಿತ್ತು, ಲೈಸೆನ್ಸ್ ಇರಲಿಲ್ಲ. ಬಲಗಡೆ ಕುಳಿತು, ಇಲ್ಲದ ಬ್ರೇಕನ್ನು ಒತ್ತುತ್ತ, ಅವರು ನನ್ನ ಸ್ಟಿಯರಿಂಗನ್ನೇ ನೋಡುತ್ತಿದ್ದರು. ಬಿಗಿ ತಿರುವಿನಲ್ಲಿ ಅರ್ಧ ಸುತ್ತಿನಲ್ಲೇ ಕಾಲು ಒತ್ತಿದೆ. ಹಿಂದಿನ ಚಕ್ರದ ಗಾಡಿಯಾದರೆ ಬಾಲ ಸ್ವಲ್ಪ ಆಚೆಗೆ ವಾಲಲು ನೋಡುತ್ತದೆ, ಜಲ್ಲಿ ಚೆಲ್ಲಿದ ಕಡೆಯಂತೂ ಇನ್ನೂ ಹೆಚ್ಚು. ಇದು ನಾಲ್ಕೂ ಕಾಲೂರಿ ಎದ್ದ ಎಮ್ಮೆಯಂತೆ ಅಲ್ಲಾಡದೆ ಮೇಲೆ ಹೋಯಿತು. ವೇಗ ಹೆಚ್ಚಾದರೆ ಮೂತಿ ಮಾತ್ರ ತಿರುವಿನ ಹೊರಗೆ ಎಳೆಯುತ್ತದೆ. ಕಾಲು ಸಡಿಲಿಸಿದರೆ ಒಳಕ್ಕೆ ಬರುತ್ತದೆ. "ಸ್ಟಿಯರಿಂಗ್ ಹಗುರವಾಗಿಯೇ ಇದೆಯಲ್ಲ" ಎಂದರು, ಅರ್ಧ ನಿರಾಸೆಯಿಂದ.

ಬೆಟ್ಟದ ಮೇಲಿನ ಸೈಕ್ ಪ್ರಸ್ಥಭೂಮಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930. ಇದನ್ನು ನಾನು ಹೇಳಬಾರದಿತ್ತು. ಹಸಿರಿಲ್ಲದ ಎತ್ತರ ಎತ್ತರವೇ ಅಲ್ಲ ಎಂದು ಭಾವ ತೀರ್ಪು ಕೊಟ್ಟರು. ಗುಲಾಬಿಯ ಕಾಲ ಇನ್ನೂ ಬಂದಿರಲಿಲ್ಲ, ದಾಳಿಂಬೆ ಗಿಡಗಳು ಬರೀ ಕಡ್ಡಿ. ನನ್ನ ಬಳಿ ಸಾಕ್ಷಿ ಇರಲಿಲ್ಲ.

ಮಾರನೆಯ ದಿನ ಅಲ್ ಹಮ್ರಾ ದಾಟಿ ಶರ್ಫತ್ ಅಲ್ ಅಲಮೈನ್‌ವರೆಗೆ ಡಾಂಬರಿನಲ್ಲಿ ಏರಿ, ಅಲ್ಲಿಂದಾಚೆಗೆ ವಾದಿ ಬನಿ ಔಫ್ ಕಡೆಗೆ ಮಣ್ಣು ಕಲ್ಲಿನ ದಾರಿಯಲ್ಲಿ ಇಳಿದೆವು. ಗುಡ್ಡದ ಮೇಲೆ ಮಳೆಯ ಮೋಡವಿದ್ದರೆ ಆ ಕಣಿವೆಗೆ ಕಾಲಿಡಬಾರದು, ನೀರು ಹೇಳದೆ ಕೇಳದೆ ಬರುತ್ತದೆ. ಅಂದು ಆಕಾಶ ತೊಳೆದಿಟ್ಟಂತಿತ್ತು. ಟೈರಿನ ಗಾಳಿ ತುಸು ಇಳಿಸಿ, ಲೋ ಗೇರಿಗೆ ಹಾಕಿ, ನಡುವಿನ ಡಿಫರೆನ್ಷಿಯಲ್ಲನ್ನು ಲಾಕ್ ಮಾಡಿದೆ. ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ದೀಪ ಹತ್ತಿತು. ಲಾಕ್ ಆದಮೇಲೆ ಇದೂ ಭಾವನ ಜೀಪೇ.

ಒಂದು ಗಾಡಿಯಷ್ಟೇ ಅಗಲ, ಪಕ್ಕದಲ್ಲಿ ನೋಡಬಾರದ ಆಳ. ಬ್ರೇಕ್ ಮುಟ್ಟದೆ ಇಂಜಿನ್ನಿನ ಹಿಡಿತದಲ್ಲೇ ಇಳಿಯುತ್ತಿದ್ದೆ. ಅದು ಹೊರೆ ಹೊತ್ತವನಂತೆ ಒಂದೇ ಸಮನೆ ನರಳುತ್ತಿತ್ತು. ಕೆಳಗಿನಿಂದ ಕಲ್ಲು ಚಟಪಟ. ಗುಂಡಿಯಲ್ಲಿ ಒಂದು ಹಿಂದಿನ ಚಕ್ರ ನೆಲ ಬಿಟ್ಟಾಗ ಎಲ್ಲಿಂದಲೋ ಗರ್‌ರ್‌ರ್ ಎಂದು ಹಲ್ಲು ಕಡಿದಂತಾಗಿ, ಗಾಡಿ ತಾನೇ ಸಾವರಿಸಿಕೊಂಡಿತು. ಭಾವ ಬಾಗಿಲ ಮೇಲಿನ ಹಿಡಿ ಹಿಡಿದರು.

"ಅದು ಬ್ರೇಕಿನ ಸದ್ದು. ಸುಮ್ಮನೆ ಸುತ್ತುವ ಚಕ್ರವನ್ನು ತಡೆದು ಉಳಿದವಕ್ಕೆ ಶಕ್ತಿ ಕೊಡುತ್ತದೆ" ಎಂದೆ.

"ಎಲ್ಲದಕ್ಕೂ ಒಂದು ಉತ್ತರ ಇಟ್ಟಿದ್ದೀಯ. ಟೊಕ್‌ಗೆ?"

ಬಲದ್ ಸೈತ್ ಊರು ಕಾಣುವ ತಿರುವಿನಲ್ಲಿ ನಿಲ್ಲಿಸಿದೆವು. ಮೆಟ್ಟಿಲು ಮೆಟ್ಟಿಲಾಗಿ ಹಸಿರು ಗದ್ದೆ, ಖರ್ಜೂರದ ಮರ, ಬಂಡೆಗೆ ಆತುಕೊಂಡ ಮಣ್ಣಿನ ಬಣ್ಣದ ಮನೆಗಳು. ಭಾವ ಎರಡು ನಿಮಿಷ ನೋಡಿದರು. ಆಮೇಲೆ ಗೋಣಿಚೀಲ ಕೇಳಿದರು. ಇಲ್ಲವೆಂದಾಗ ನನ್ನ ಟವೆಲ್ ಹಾಸಿ ಗಾಡಿಯ ಕೆಳಗೆ ತೂರಿದರು.

"ಗೇರ್ ನ್ಯೂಟ್ರಲ್ ಮಾಡು, ಹ್ಯಾಂಡ್ ಬ್ರೇಕ್ ಇರಲಿ, ಚಕ್ರಕ್ಕೆ ಕಲ್ಲು ಕೊಡು."

ಬಗ್ಗಿ ನೋಡಿದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಆಚೀಚೆ ಹೊರಳಿಸುತ್ತಿದ್ದರು. ಸಣ್ಣ ಕಟಕಟ. "ಇಷ್ಟು ಪ್ಲೇ ಇದ್ದದ್ದೇ. ಡಿಫರೆನ್ಷಿಯಲ್ ಎಂದಮೇಲೆ ಹಲ್ಲುಗಳ ನಡುವೆ ಇಷ್ಟು ಸಂದು ಇರುತ್ತದೆ. ಶಾಫ್ಟಿನ ತುದಿಯ ಕೀಲು, ಯು.ಜೆ. ಕ್ರಾಸ್, ಕೂಡ ಚೆನ್ನಾಗಿದೆ." ಆಮೇಲೆ ಬೆರಳು ಚಾಚಿ ತೋರಿಸಿದರು. ಶಾಫ್ಟು ಉದ್ದ ಗಿಡ್ಡ ಆಗಲೆಂದು ಒಂದರೊಳಗೊಂದು ಜಾರುವ ಜಾಯಿಂಟ್‌ನಲ್ಲಿ ಗ್ರೀಸ್ ನಿಪ್ಪಲ್. ಅದರ ತಲೆಯ ಮೇಲೆ ಒಣಗಿ ಸಿಮೆಂಟಿನಂತಾದ ಧೂಳು. "ಇಲ್ಲಿಗೆ ಗ್ರೀಸ್ ಗನ್ ಬಂದು ಎಷ್ಟು ಕಾಲವಾಯಿತೋ. ಗಾಡಿ ನಿಂತಾಗ ಹಿಂಭಾಗ ಏಳುತ್ತದೆ, ಜಾಯಿಂಟ್ ಒಣಗಿ ಸಿಕ್ಕಿಕೊಳ್ಳುತ್ತದೆ. ಹೊರಟಾಗ ಬಿಡಿಸಿಕೊಂಡು ಟೊಕ್ ಎನ್ನುತ್ತದೆ."

ಆರು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿ ಗ್ರೀಸಿಗೂ ದುಡ್ಡು ಕೊಟ್ಟಿದ್ದೆ. ಟವೆಲ್ ಹೋದದ್ದು ಹೋಯಿತು.

ಕಣಿವೆ ಮುಗಿದು ಡಾಂಬರು ಸಿಕ್ಕಾಗ ಲೋ ಗೇರ್ ತೆಗೆದು, ಗೆದ್ದವನಂತೆ ರುಸ್ತಾಕ್ ಕಡೆಗೆ ಹೊರಟೆ. ಮೊದಲ ವೃತ್ತದಲ್ಲಿ ಸ್ಟಿಯರಿಂಗ್ ಕೈಗೆ ಬಾರದೆ ಬಿಗಿಯಿತು. ಟೈರು ಕಿರ್ ಕಿರ್ ಎಂದಿತು. ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದಂತೆ ಗಾಡಿ ತಡವರಿಸಿತು. ಭಾವನ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಬಾರಿಗೆ ಪೂರ್ಣ ತೃಪ್ತಿ ಕಂಡಿತು.

"ಮೂಡಿಗೆರೆ ಬಸ್ ನಿಲ್ದಾಣ ಬಂತು" ಎಂದರು.

ಲಾಕ್ ತೆಗೆಯಲು ಮರೆತಿದ್ದೆ. ಬದಿಗೆ ನಿಲ್ಲಿಸಿ ಗುಂಡಿ ಒತ್ತಿದರೂ ಕಿತ್ತಳೆ ದೀಪ ಮಿಣುಕುತ್ತಲೇ ಇತ್ತು, ಸುತ್ತಿಕೊಂಡ ಬಿಗಿ ಹಲ್ಲುಗಳನ್ನು ಬಿಡಲೊಲ್ಲದು. ಭಾವ ಹೇಳಿದಂತೆ ನೇರಕ್ಕೆ ನಾಲ್ಕು ಮಾರು ಹಿಂದಕ್ಕೆ ತಂದೆ. ಕೆಳಗೆಲ್ಲೋ ಟಕ್ ಎಂದು ಬಿಗಿ ಸಡಿಲಿತು, ದೀಪ ಆರಿತು.

ರುಸ್ತಾಕ್‌ನ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಹುಡುಗನೊಬ್ಬ ಗ್ರೀಸ್ ಗನ್ ತಂದ. ಭಾವ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಕಪ್ಪು ಹಳೆಯ ಗ್ರೀಸು ಹೊರಬಂದು ಶಾಫ್ಟು ಕೂದಲೆಳೆಯಷ್ಟು ಜಾರುತ್ತಲೇ "ಬಸ್, ಬಸ್" ಎಂದು ಹಿಂದಿಯಲ್ಲಿ ನಿಲ್ಲಿಸಿದರು. ಹೆಚ್ಚು ತುಂಬಿದರೆ ಜಾಯಿಂಟ್‌ಗೆ ಸರಿಯಲು ಜಾಗವಿರುವುದಿಲ್ಲವಂತೆ. ಒಂದು ರಿಯಾಲ್ ಕೊಟ್ಟೆ. ಬರ್ಕಾವರೆಗಿನ ಒಂದೊಂದು ವೃತ್ತದಲ್ಲೂ ನಿಂತು ಹೊರಟಾಗ ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಟೊಕ್ ಇಲ್ಲ.

ಹೆದ್ದಾರಿ ಸೇರಿದ ಮೇಲೆ ಗುಂಯ್ ಮತ್ತೆ ಶುರುವಾಯಿತು. ಭಾವ ಒಂದು ಗಳಿಗೆ ತಲೆ ಓರೆ ಮಾಡಿ ಕೇಳಿ, ಸೀಟನ್ನು ಹಿಂದಕ್ಕೆ ಚಾಚಿದರು.

"ಇದು ನಿಂತರೆ ಎಬ್ಬಿಸು" ಎಂದು ಕಣ್ಣು ಮುಚ್ಚಿದರು.